ಕುಡಿದು ಕೆಲಸಕ್ಕೆ ಬಂದ ನೌಕರ: ಅಮಾನತಿಗೆ ಮೊದಲು ನಡೆಯಬೇಕಾದದ್ದು ಏನು?

ದಾವಣಗೆರೆಯ ಹದಡಿ ರಸ್ತೆಯಲ್ಲಿ ಬೆಳಿಗ್ಗೆ ಎಂಟು ಗಂಟೆಗೆ ಕಸ ಸಾಗಿಸುವ ವಾಹನವೊಂದು ರಸ್ತೆ ವಿಭಜಕಕ್ಕೆ ಗುದ್ದಿ ನಿಂತಿದೆ ಎಂದು ಭಾವಿಸೋಣ. ಚಾಲಕ ಕೆಳಗಿಳಿದು ತೂರಾಡುತ್ತಿದ್ದಾನೆ, ಮಾತು ತೊದಲುತ್ತಿದೆ. ದಾರಿಹೋಕರೊಬ್ಬರು ಮೊಬೈಲ್‌ನಲ್ಲಿ ಚಿತ್ರೀಕರಿಸುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಆ ವಿಡಿಯೊ ಊರಿನ ವಾಟ್ಸ್‌ಆ್ಯಪ್ ಗುಂಪುಗಳನ್ನೆಲ್ಲ ಸುತ್ತಿ ಪಾಲಿಕೆ ಆಯುಕ್ತರನ್ನು ತಲುಪುತ್ತದೆ. ಸಂಜೆ ಅಮಾನತಿನ ಆದೇಶ ಹೊರಡುತ್ತದೆ, ಮರುದಿನ ಪತ್ರಿಕೆಯಲ್ಲಿ ಸುದ್ದಿ ಬರುತ್ತದೆ, ಜನ ಸಮಾಧಾನಗೊಳ್ಳುತ್ತಾರೆ. ಬಹಳ ಕಾಲದ ನಂತರ ಇಲಾಖಾ ವಿಚಾರಣೆಯಲ್ಲಿ ಆತನ ಪರವಾಗಿ ಒಂದೇ ಪ್ರಶ್ನೆ ಏಳುತ್ತದೆ: ಕುಡಿದಿದ್ದ ಎನ್ನುವುದಕ್ಕೆ ವೈದ್ಯರ ಪ್ರಮಾಣಪತ್ರ ಎಲ್ಲಿದೆ? ಅಂದು ಯಾರೂ ಅವನನ್ನು ಆಸ್ಪತ್ರೆಗೆ ಕರೆದೊಯ್ದಿರುವುದಿಲ್ಲ. ಆರೋಪ ಅಲ್ಲಿಗೆ ಸಡಿಲವಾಗುತ್ತದೆ.

ಇದು ಕಲ್ಪಿತ ಘಟನೆ. ಆದರೆ ಸ್ಥಳೀಯ ಸಂಸ್ಥೆಗಳ ಶಿಸ್ತು ಪ್ರಕರಣಗಳು ಸೋಲುವುದು ಇಂಥ ಕಡೆಯಲ್ಲಿಯೇ. ಆದೇಶ ಎಷ್ಟು ಕಠಿಣವಾಗಿತ್ತು ಎಂಬುದಕ್ಕಿಂತ ಘಟನೆಯ ಮೊದಲ ಎರಡು ಗಂಟೆಗಳಲ್ಲಿ ಮೇಲಧಿಕಾರಿ ಏನು ಮಾಡಿದರು ಎಂಬುದೇ ಪ್ರಕರಣದ ಹಣೆಬರಹವನ್ನು ಬರೆಯುತ್ತದೆ. ನಮ್ಮ ನಗರಗಳಲ್ಲಿ ಕುಡಿತದ ಬಗ್ಗೆ ಕೋಪಕ್ಕೆ ಕೊರತೆಯಿಲ್ಲ. ಬರೆದಿಟ್ಟ ಕಾರ್ಯವಿಧಾನಕ್ಕೆ ಕೊರತೆಯಿದೆ. ಕೆಲಸದ ವೇಳೆಯ ಅಮಲಿನ ಬಗ್ಗೆ ಕಾನೂನು ಏನು ಹೇಳುತ್ತದೆ, ಶಿಕ್ಷೆ ಕೊಡುವವರು ಯಾರು, ಪರೀಕ್ಷೆಗಳು ಏನನ್ನು ಹೇಳಬಲ್ಲವು ಎಂಬುದನ್ನು ತೆರಿಗೆ ಕಟ್ಟುವ ನಾಗರಿಕರೂ ಆ ಕೆಲಸ ಮಾಡುವ ನೌಕರರೂ ತಿಳಿದಿರಬೇಕು ಎಂಬ ಕಾರಣಕ್ಕೆ ಈ ಬರಹ.

ನಿಯಮ ಎಲ್ಲಿದೆ?

ರಾಜ್ಯ ಸರ್ಕಾರಿ ನೌಕರರಿಗೆ 2021ರ ಕರ್ನಾಟಕ ರಾಜ್ಯ ನಾಗರಿಕ ಸೇವಾ (ನಡತೆ) ನಿಯಮಗಳು ಅನ್ವಯಿಸುತ್ತವೆ. ಅದಕ್ಕೂ ಮೊದಲು 1966ರ ನಿಯಮಗಳಿದ್ದವು. ಅಮಲಿನ ವಿಷಯದಲ್ಲಿ ಇಂಥ ನಡತೆ ನಿಯಮಗಳ ತಿರುಳು ಸರಳ: ಕರ್ತವ್ಯದಲ್ಲಿರುವಾಗ ಮದ್ಯ ಅಥವಾ ಮಾದಕ ವಸ್ತುವಿನ ಪ್ರಭಾವಕ್ಕೆ ಒಳಗಾಗಿರಬಾರದು, ಅಮಲಿನ ಸ್ಥಿತಿಯಲ್ಲಿ ಸಾರ್ವಜನಿಕವಾಗಿ ಕಾಣಿಸಿಕೊಳ್ಳಬಾರದು. ರಜೆಯ ದಿನ ತನ್ನ ಮನೆಯಲ್ಲಿ ಒಬ್ಬಾತ ಮದ್ಯ ಸೇವಿಸಿದರೆ ಅದಷ್ಟೇ ದುರ್ನಡತೆಯಾಗುವುದಿಲ್ಲ. ರಾತ್ರಿ ಮೂರರವರೆಗೆ ಕುಡಿದು ಬೆಳಿಗ್ಗೆ ಆರಕ್ಕೆ ಸ್ಟಿಯರಿಂಗ್ ಹಿಡಿದರೆ ಆಗುತ್ತದೆ, ಕುಡಿದದ್ದು ಕೆಲಸದ ವೇಳೆಯಲ್ಲಿ ಅಲ್ಲದಿದ್ದರೂ.

ಶಿಕ್ಷೆಯ ವಿಧಾನಕ್ಕೆ ಬೇರೆಯೇ ನಿಯಮಾವಳಿ ಇದೆ: 1957ರ ಕರ್ನಾಟಕ ನಾಗರಿಕ ಸೇವಾ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳು. ಕಚೇರಿಗಳಲ್ಲಿ ಇದನ್ನು ಸಿ.ಸಿ.ಎ. ನಿಯಮಗಳು ಎನ್ನುತ್ತಾರೆ. ಇದರ 8ನೇ ನಿಯಮದಲ್ಲಿ ದಂಡನೆಗಳ ವಿವರವಿದೆ, 10ನೆಯದರಲ್ಲಿ ಅಮಾನತು, 11ನೆಯದರಲ್ಲಿ ಗುರುತರ ದಂಡನೆಗೆ ಪೂರ್ಣ ವಿಚಾರಣೆ, 12ನೆಯದರಲ್ಲಿ ಲಘು ದಂಡನೆಯ ಚಿಕ್ಕ ದಾರಿ. ವಾಗ್ದಂಡನೆ, ವಾರ್ಷಿಕ ವೇತನ ಬಡ್ತಿ ತಡೆ, ಆದ ನಷ್ಟದ ವಸೂಲಿ ಲಘು ದಂಡನೆಗಳ ಸಾಲಿಗೆ ಸೇರುತ್ತವೆ. ಹಿಂಬಡ್ತಿ, ಕಡ್ಡಾಯ ನಿವೃತ್ತಿ, ಸೇವೆಯಿಂದ ತೆಗೆದುಹಾಕುವುದು ಮತ್ತು ವಜಾ ಗುರುತರವಾದವು. ಸೇವೆಯಿಂದ ತೆಗೆದುಹಾಕಲಾದವನು ಮುಂದೆ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಬಹುದು. ವಜಾಗೊಂಡವನಿಗೆ ಸಾಮಾನ್ಯವಾಗಿ ಆ ಬಾಗಿಲೂ ಮುಚ್ಚುತ್ತದೆ. ಮಹಾನಗರ ಪಾಲಿಕೆಗಳಿಗೆ 1976ರ ಕಾಯ್ದೆಯೂ ಚಿತ್ರದುರ್ಗ, ಹರಿಹರದಂಥ ನಗರಸಭೆಗಳಿಗೆ 1964ರ ಪೌರಸಭೆಗಳ ಕಾಯ್ದೆಯೂ ಗ್ರಾಮ ಪಂಚಾಯಿತಿಗಳಿಗೆ 1993ರ ಕಾಯ್ದೆಯೂ ಬುನಾದಿ. ಆದರೂ ಕಾಯಂ ನೌಕರರ ಮೇಲಿನ ಕ್ರಮ ಬಹುಮಟ್ಟಿಗೆ ಇದೇ ಹಾದಿಯಲ್ಲಿ ಸಾಗುತ್ತದೆ: ಕಾರಣ ಕೇಳಿ ನೋಟಿಸ್, ದೋಷಾರೋಪಣಾ ಪಟ್ಟಿ, ವಿಚಾರಣಾಧಿಕಾರಿಯ ನೇಮಕ, ಸಾಕ್ಷಿಗಳ ಪಾಟಿ ಸವಾಲು, ವರದಿ, ಆದೇಶ.

ಇಲ್ಲಿ ಜನರು ಹೆಚ್ಚಾಗಿ ತಪ್ಪು ತಿಳಿಯುವುದು ಅಮಾನತಿನ ಬಗ್ಗೆ. ಅಮಾನತು ಶಿಕ್ಷೆಯಲ್ಲ. ವಿಚಾರಣೆಗೆ ಅಡ್ಡಿಯಾಗದಂತೆ, ಸಾಕ್ಷ್ಯ ಕೆಡದಂತೆ ನೌಕರನನ್ನು ಸದ್ಯಕ್ಕೆ ಕೆಲಸದಿಂದ ದೂರ ಇಡುವ ವ್ಯವಸ್ಥೆ ಅದು. ಆ ಅವಧಿಯಲ್ಲಿ ಅವನಿಗೆ ಜೀವನಾಧಾರ ಭತ್ಯೆ ಕೊಡಲೇಬೇಕು. ಕೋಲಾರದ ಭಾರತ್ ಗೋಲ್ಡ್ ಮೈನ್ಸ್ ನೌಕರರೊಬ್ಬರ ಪ್ರಕರಣದಲ್ಲಿ 1999ರಲ್ಲಿ ಸುಪ್ರೀಂ ಕೋರ್ಟ್ ಈ ಭತ್ಯೆ ಕೊಡದೆ, ಅವರ ಗೈರಿನಲ್ಲಿ ನಡೆಸಿದ ವಿಚಾರಣೆಯನ್ನು ಒಪ್ಪಲಿಲ್ಲ. ಹಣವಿಲ್ಲದವನು ವಿಚಾರಣೆಗೆ ಓಡಾಡುವುದಾದರೂ ಹೇಗೆ? 2015ರ ಅಜಯ್ ಕುಮಾರ್ ಚೌಧರಿ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಮೂರು ತಿಂಗಳೊಳಗೆ ದೋಷಾರೋಪಣಾ ಪಟ್ಟಿ ಕೊಡದಿದ್ದರೆ ಅಮಾನತನ್ನು ಮುಂದುವರಿಸಬಾರದು ಎಂದಿತು. ಸಂಜೆ ಆರಕ್ಕೆ ಅಮಾನತು ಮಾಡಿ ದೋಷಾರೋಪಣಾ ಪಟ್ಟಿಯನ್ನು ಮರೆಯುವ ಕಚೇರಿ ಈ ಎರಡೂ ತೀರ್ಪುಗಳ ಮುಂದೆ ನಿರುತ್ತರವಾಗುತ್ತದೆ.

ಇನ್ನು ಆದೇಶ ಯಾರದ್ದು ಎಂಬ ಪ್ರಶ್ನೆ. ಸಾಮಾನ್ಯ ಸಭೆಯಲ್ಲಿ ಸದಸ್ಯರೊಬ್ಬರು ಎದ್ದು ನಿಂತು «ಅವನನ್ನು ಇವತ್ತೇ ತೆಗೆದುಹಾಕಿ» ಎಂದು ಒತ್ತಾಯಿಸಬಹುದು. ಸಿಟ್ಟು ನ್ಯಾಯವಾದದ್ದೇ ಇರಬಹುದು. ಆದರೆ ಶಿಕ್ಷೆಯ ಆದೇಶಕ್ಕೆ ನಿಯಮಗಳು ಗೊತ್ತುಪಡಿಸಿದ ಶಿಸ್ತು ಪ್ರಾಧಿಕಾರವೇ ಸಹಿ ಹಾಕಬೇಕು, ಅದೂ ಸ್ವತಃ ಯೋಚಿಸಿ. ನೌಕರನ ದರ್ಜೆಗೆ ತಕ್ಕಂತೆ ಆ ಪ್ರಾಧಿಕಾರ ಬದಲಾಗುತ್ತದೆ. ಸಂವಿಧಾನದ 311ನೇ ವಿಧಿ ರಾಜ್ಯದ ನಾಗರಿಕ ಹುದ್ದೆಯಲ್ಲಿರುವವರಿಗೆ ಈ ರಕ್ಷಣೆಯನ್ನು ನೇರವಾಗಿ ಕೊಟ್ಟಿದೆ: ನೇಮಕ ಮಾಡಿದ ಅಧಿಕಾರಿಗಿಂತ ಕೆಳಗಿನವರು ವಜಾ ಮಾಡುವಂತಿಲ್ಲ, ವಿಚಾರಣೆಯಿಲ್ಲದೆ ವಜಾ ಮಾಡುವಂತಿಲ್ಲ. ಸ್ಥಳೀಯ ಸಂಸ್ಥೆಯ ಸ್ವಂತ ನೌಕರರಿಗೆ ಆ ವಿಧಿ ನೇರವಾಗಿ ತಾಗದಿದ್ದರೂ ಸೇವಾ ನಿಯಮಗಳು ಮತ್ತು ಸಹಜ ನ್ಯಾಯದ ತತ್ವ ಅದೇ ಕೆಲಸ ಮಾಡುತ್ತವೆ. ವಿಚಾರಣಾ ವರದಿಯ ಪ್ರತಿಯನ್ನು ಶಿಕ್ಷೆಗೆ ಮೊದಲು ನೌಕರನಿಗೆ ಕೊಟ್ಟು ಅವನ ಉತ್ತರ ಪಡೆಯಬೇಕು ಎಂಬುದು 1993ರಿಂದ ಸ್ಥಿರಪಟ್ಟ ನಿಯಮ.

ಬಾಯಿಯ ವಾಸನೆ ಸಾಕೇ?

ಪುರಾವೆಯ ವಿಷಯದಲ್ಲಿ ಎರಡು ತೀರ್ಪುಗಳನ್ನು ಒಟ್ಟಿಗೆ ಓದಬೇಕು. ಮೊದಲನೆಯದು 1971ರ ಬಚ್ಚೂಭಾಯಿ ಹಸನಲ್ಲಿ ಕರ್ಯಾನಿ ಪ್ರಕರಣ. ವೈದ್ಯರು ಆರೋಪಿಯ ಬಾಯಿಯಿಂದ ಮದ್ಯದ ವಾಸನೆ, ತೂರಾಡುವ ನಡಿಗೆ, ಹಿಗ್ಗಿದ ಕಣ್ಣಪಾಪೆ, ಅಸಂಬದ್ಧ ಮಾತು ಎಂದು ದಾಖಲಿಸಿದ್ದರು. ರಕ್ತ, ಮೂತ್ರದ ಪರೀಕ್ಷೆ ಆಗಿರಲಿಲ್ಲ. ಇಷ್ಟರಿಂದಲೇ ಆತ ಕುಡಿದಿದ್ದ ಎಂದು ನಿಶ್ಚಯಿಸಲಾಗದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಎರಡನೆಯದು ಪಂಜಾಬಿನ ಕಾನ್‌ಸ್ಟೆಬಲ್ ರಾಮ್ ಸಿಂಗ್ ಅವರ 1992ರ ಪ್ರಕರಣ. ಕರ್ತವ್ಯದಲ್ಲಿದ್ದಾಗಲೇ ವಿಪರೀತ ಕುಡಿದು, ಸೇವಾ ರಿವಾಲ್ವರ್ ಸಮೇತ ಜನನಿಬಿಡ ಜಾಗದಲ್ಲಿ ಓಡಾಡಿದ್ದ, ವೈದ್ಯಕೀಯ ಪರೀಕ್ಷೆಗೆ ಕರೆದೊಯ್ದಾಗ ವೈದ್ಯರನ್ನೇ ನಿಂದಿಸಿದ್ದ. ಒಂದೇ ಸಲದ ಘಟನೆಯಾದರೂ ಇದು ಗುರುತರ ದುರ್ನಡತೆ ಎಂದು ವಜಾ ಆದೇಶವನ್ನು ನ್ಯಾಯಾಲಯ ಎತ್ತಿಹಿಡಿಯಿತು.

ಮೊದಲನೆಯದು ಕ್ರಿಮಿನಲ್ ಮೊಕದ್ದಮೆ, ಅಲ್ಲಿ ಅನುಮಾನಕ್ಕೆ ಎಡೆಯಿಲ್ಲದಂತೆ ಸಾಬೀತಾಗಬೇಕು. ಎರಡನೆಯದು ಇಲಾಖಾ ವಿಚಾರಣೆ, ಅಲ್ಲಿ ಯಾವ ಸಂಗತಿ ಹೆಚ್ಚು ಸಂಭವನೀಯ ಎಂದು ತೂಗಿ ನೋಡಿದರೆ ಸಾಕು. ಹಾಗೆಂದು ವಿಚಾರಣಾಧಿಕಾರಿ ವಿಡಿಯೊ ಒಂದನ್ನೇ ನೆಚ್ಚಿಕೊಂಡು ಕೂರಬಾರದು. ಸಕ್ಕರೆ ಕಾಯಿಲೆಯವರಿಗೆ ರಕ್ತದ ಸಕ್ಕರೆ ತೀರಾ ಇಳಿದಾಗ ಕೈ ನಡುಗುತ್ತದೆ, ಮಾತು ತಪ್ಪುತ್ತದೆ, ನಡಿಗೆ ತೂರಾಡುತ್ತದೆ. ನೋಡಿದವರಿಗೆ ಅಮಲಿನಂತೆಯೇ ಕಾಣುತ್ತದೆ. ಪಾರ್ಶ್ವವಾಯುವಿನ ಆರಂಭವೂ ಹಾಗೆಯೇ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಗಾಡಿ ಹತ್ತಿದ ಮಧ್ಯವಯಸ್ಸಿನ ಚಾಲಕನನ್ನು ಆಸ್ಪತ್ರೆಗೆ ಒಯ್ಯದೆ ಮನೆಗೆ ಕಳುಹಿಸಿದರೆ ಪುರಾವೆಯಷ್ಟೇ ಅಲ್ಲ, ಅವನ ಪ್ರಾಣವೂ ಹೋಗಬಹುದು. ಆದ್ದರಿಂದ ಅನುಮಾನ ಬಂದೊಡನೆ ವೈದ್ಯರ ಬಳಿಗೆ ಕರೆದೊಯ್ಯುವುದು ಮೊದಲಿಗೆ ನೌಕರನ ಹಿತ, ಆಮೇಲೆ ಸಂಸ್ಥೆಯ ಹಿತ.

ಸಮಯ ಯಾಕೆ ಅಷ್ಟು ಮುಖ್ಯ ಎಂಬುದು ದೇಹದ ಲೆಕ್ಕದಿಂದ ತಿಳಿಯುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇದ್ದರೆ ವಾಹನ ಚಲಾಯಿಸುವುದು ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲ ಆರು ತಿಂಗಳವರೆಗೆ ಸೆರೆ ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ಎರಡು ವರ್ಷದವರೆಗೆ ಸೆರೆ ಅಥವಾ 15,000 ರೂಪಾಯಿ ದಂಡ ಅಥವಾ ಎರಡೂ. ನಮ್ಮ ಯಕೃತ್ತು ಗಂಟೆಗೆ ಸುಮಾರು 15ರಿಂದ 20 ಮಿಲಿಗ್ರಾಂನಷ್ಟು ಈ ಪ್ರಮಾಣವನ್ನು ಇಳಿಸುತ್ತದೆ. ಎಂಟು ಗಂಟೆಗೆ 60 ಇದ್ದದ್ದು ಹತ್ತೂವರೆಯ ಹೊತ್ತಿಗೆ 30ರ ಕೆಳಗೆ ಬಂದಿರುತ್ತದೆ. ಆರೋಗ್ಯ ನಿರೀಕ್ಷಕರು ಬರಲಿ, ಅವರು ಆಯುಕ್ತರಿಗೆ ಫೋನ್ ಮಾಡಲಿ ಎಂದು ಕಾಯುತ್ತಾ ಕುಳಿತರೆ ಪುರಾವೆ ಕಣ್ಣೆದುರೇ ಕರಗುತ್ತದೆ. ಕಾನೂನಿಗೂ ಈ ಆತುರ ತಿಳಿದಿದೆ: 185ನೇ ಕಲಂ ಅಡಿ ಬಂಧಿಸಿದವನನ್ನು ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆಗೆ ಒಳಪಡಿಸದಿದ್ದರೆ ಬಿಡುಗಡೆ ಮಾಡಬೇಕು ಎಂದು 202ನೇ ಕಲಂ ಹೇಳುತ್ತದೆ.

ಪರೀಕ್ಷೆಗೆ ನೌಕರ ಒಪ್ಪದಿದ್ದರೆ? ರಸ್ತೆಯಲ್ಲಿ ಉಸಿರಿನ ಪರೀಕ್ಷೆ ಮಾಡಿಸುವ ಅಧಿಕಾರ ಪೊಲೀಸರಿಗಿದೆ. ಕಚೇರಿಯ ಮೇಲಧಿಕಾರಿಗೆ ಒಬ್ಬನ ತೋಳು ಹಿಡಿದು ರಕ್ತ ತೆಗೆಸುವ ಅಧಿಕಾರವಿಲ್ಲ, ಇರಲೂ ಬಾರದು. ಸುಪ್ರೀಂ ಕೋರ್ಟಿನ 2017ರ ಪುಟ್ಟಸ್ವಾಮಿ ತೀರ್ಪಿನ ನಂತರ ಖಾಸಗಿತನ ಮೂಲಭೂತ ಹಕ್ಕು, ದೇಹವೂ ಅದರೊಳಗೆ ಬರುತ್ತದೆ. ಅಧಿಕಾರಿ ಮಾಡಬಹುದಾದದ್ದು ಲಿಖಿತವಾಗಿ ಸೂಚಿಸುವುದು, ನಿರಾಕರಿಸಿದರೆ ಅದನ್ನು ಇಬ್ಬರು ಸಾಕ್ಷಿಗಳ ಎದುರು ದಾಖಲಿಸುವುದು, ಅಂದಿನ ಕೆಲಸದಿಂದ ಇಳಿಸುವುದು. ಆ ನಿರಾಕರಣೆಯನ್ನೂ ವಿಚಾರಣೆಯಲ್ಲಿ ಒಂದು ಸಂಗತಿಯಾಗಿ ಮುಂದಿಡಬಹುದು.

ಗಾಂಜಾದ ಪರೀಕ್ಷೆ ಬೇರೆ ಬಗೆಯದು

ಮದ್ಯದ ಉಸಿರಿನ ಪರೀಕ್ಷೆ ಆ ಕ್ಷಣದ ಸ್ಥಿತಿಯನ್ನು ತಿಳಿಸುತ್ತದೆ. ಗಾಂಜಾಕ್ಕೆ ಮಾಡುವ ಮೂತ್ರ ಪರೀಕ್ಷೆ ಹಾಗಲ್ಲ. ಅದು ಹುಡುಕುವುದು ದೇಹ ಒಡೆದು ಹೊರಹಾಕುತ್ತಿರುವ ಶೇಷವನ್ನು. ಅಪರೂಪಕ್ಕೆ ಸೇದಿದವನಲ್ಲಿ ಅದು ಕೆಲವು ದಿನ, ದಿನವೂ ಸೇದುವವನಲ್ಲಿ ವಾರಗಟ್ಟಲೆ ಉಳಿಯುತ್ತದೆ. ಕೊಬ್ಬಿನಲ್ಲಿ ಸೇರಿಕೊಂಡು ನಿಧಾನವಾಗಿ ಹೊರಬರುವುದೇ ಇದಕ್ಕೆ ಕಾರಣ. ಅಂದರೆ ಮೂತ್ರ ಪರೀಕ್ಷೆ ಪಾಸಿಟಿವ್ ಬಂದರೆ ಆತ ಈಚೆಗೆ ಎಂದೋ ಸೇವಿಸಿದ್ದ ಎಂದು ಹೇಳಬಹುದೇ ಹೊರತು ಇಂದು ಬೆಳಿಗ್ಗೆ ಅಮಲಿನಲ್ಲಿ ವಾಹನ ಓಡಿಸಿದ ಎಂದು ಹೇಳಲಾಗದು. ಈ ವ್ಯತ್ಯಾಸ ಗೊತ್ತಿಲ್ಲದೆ ಬರೆದ ದೋಷಾರೋಪಣೆ ನಿಲ್ಲುವುದಿಲ್ಲ.

ಮೂತ್ರದಲ್ಲಿ ಅದ್ದಿ ನೋಡುವ ತ್ವರಿತ ಪರೀಕ್ಷೆಯ ಪಟ್ಟಿಗಳಿಗೆ (ಸ್ಟ್ರಿಪ್) ಇನ್ನೊಂದು ಮಿತಿಯಿದೆ. ಅವು ಒಂದೇ ಜಾತಿಯ ರಾಸಾಯನಿಕಗಳಿಗೆಲ್ಲ ಬಣ್ಣ ಬದಲಿಸುತ್ತವೆ. ಕೊಡೀನ್ ಇರುವ ಕೆಮ್ಮಿನ ಔಷಧ ಕುಡಿದವನಲ್ಲಿ ಅಫೀಮಿನ ಗುಂಪಿನ ಪರೀಕ್ಷೆ ಪಾಸಿಟಿವ್ ಬರಬಹುದು. ಗಸಗಸೆಯ ವಿಷಯವಂತೂ ನಮ್ಮ ಅಡುಗೆಮನೆಗೇ ಸಂಬಂಧಿಸಿದ್ದು. ಗಸಗಸೆ ಬರುವುದು ಅಫೀಮಿನ ಗಿಡದಿಂದಲೇ. ಬೀಜದ ಮೇಲೆ ಮಾರ್ಫಿನ್‌ನ ಅತಿ ಸಣ್ಣ ಅಂಶ ಅಂಟಿರುತ್ತದೆ. ಮದುವೆ ಮನೆಯಲ್ಲಿ ಎರಡು ಲೋಟ ಗಸಗಸೆ ಪಾಯಸ ಕುಡಿದು ಬಂದವನಿಗೆ ಅಮಲೇರಿರುವುದಿಲ್ಲ, ಆದರೆ ಮೂತ್ರದಲ್ಲಿ ಮಾರ್ಫಿನ್ ಕಾಣಿಸಿಕೊಳ್ಳುವ ಸಾಧ್ಯತೆಯಿದೆ. ಅಮೆರಿಕದಲ್ಲಿ ಗಸಗಸೆ ಹಾಕಿದ ಬ್ರೆಡ್ ತಿಂದವರು ಹೀಗೆ ಸಿಕ್ಕಿಬೀಳುತ್ತಿದ್ದುದರಿಂದ ಅಲ್ಲಿನ ಕೇಂದ್ರ ಸರ್ಕಾರ 1998ರಲ್ಲಿ ಮೂತ್ರ ಪರೀಕ್ಷೆಯ ಮಿತಿಯನ್ನು ಮಿಲಿಲೀಟರಿಗೆ 300 ನ್ಯಾನೊಗ್ರಾಂನಿಂದ 2,000ಕ್ಕೆ ಏರಿಸಿತು. ಆದ್ದರಿಂದ ಪಟ್ಟಿಯ ಫಲಿತಾಂಶ ಅನುಮಾನಕ್ಕೆ ಮಾತ್ರ ಆಧಾರ. ಪ್ರಯೋಗಾಲಯದ ದೃಢೀಕರಣವಿಲ್ಲದೆ ಯಾರ ಕೆಲಸಕ್ಕೂ ಕುತ್ತು ತರಬಾರದು.

ಕೆಲವರು ಕೇಳುತ್ತಾರೆ: ಹಾಗಾದರೆ ಪಾಲಿಕೆಯ ಎಲ್ಲರಿಗೂ ಆಗಾಗ ಪರೀಕ್ಷೆ ಮಾಡಿಸಿಬಿಟ್ಟರೆ ಏನು? ಮಾದಕ ವಸ್ತು ಪರೀಕ್ಷೆ ವ್ಯಾಪಕವಾಗಿರುವ ಅಮೆರಿಕದಲ್ಲೂ ಸರ್ಕಾರಕ್ಕೆ ಅಂಥ ಮುಕ್ತ ಅಧಿಕಾರ ಸಿಕ್ಕಿಲ್ಲ. ಅಪಘಾತದ ನಂತರ ರೈಲ್ವೆ ನೌಕರರನ್ನು ಪರೀಕ್ಷಿಸುವುದನ್ನು 1989ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಒಪ್ಪಿತು, ಏಕೆಂದರೆ ಅವರ ಒಂದು ಕ್ಷಣದ ಎಚ್ಚರತಪ್ಪಿಗೆ ಜೀವಗಳು ಹೋಗುತ್ತವೆ. ಆದರೆ ಕೆಲವು ರಾಜ್ಯ ಹುದ್ದೆಗಳ ಚುನಾವಣೆಗೆ ನಿಲ್ಲುವವರು ಪರೀಕ್ಷೆ ಮಾಡಿಸಿಕೊಳ್ಳಬೇಕೆಂಬ ಜಾರ್ಜಿಯಾ ರಾಜ್ಯದ ಕಾನೂನನ್ನು 1997ರಲ್ಲಿ ಅದೇ ನ್ಯಾಯಾಲಯ ರದ್ದುಪಡಿಸಿತು. ನಮ್ಮಲ್ಲಿ ವಿಮಾನ ಹಾರಿಸುವವರಿಗೆ ಉಸಿರಿನ ಪರೀಕ್ಷೆ ಇದೆ, ಅದನ್ನು ಯಾರೂ ಅವಮಾನ ಎಂದುಕೊಳ್ಳುವುದಿಲ್ಲ. ಅಳತೆಗೋಲು ಇದೇ ಆಗಬೇಕು: ಈ ಹುದ್ದೆಯಲ್ಲಿರುವವನ ಕೈ ನಡುಗಿದರೆ ಯಾರಿಗೆ ಏನಾಗುತ್ತದೆ? ಟಿಪ್ಪರ್, ಒಳಚರಂಡಿ ತೆರವುಗೊಳಿಸುವ ಜೆಟ್ಟಿಂಗ್ ಯಂತ್ರ, ಟ್ಯಾಂಕರ್ ಓಡಿಸುವವರು, ಬೀದಿದೀಪದ ಕಂಬ ಹತ್ತುವವರು, ನೀರು ಶುದ್ಧೀಕರಣ ಘಟಕದಲ್ಲಿ ಕ್ಲೋರಿನ್ ನಿಭಾಯಿಸುವವರು, ಹಳ್ಳಿಯ ಓವರ್‌ಹೆಡ್ ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹಾಕುವ ನೀರಗಂಟಿ ಈ ಪಟ್ಟಿಗೆ ಸೇರುತ್ತಾರೆ. ಇವರಿಗೆ ಪಾಳಿ ಆರಂಭದಲ್ಲಿ ಉಸಿರಿನ ಪರೀಕ್ಷೆ ಇರಲಿ. ಖಾತೆ ಬದಲಾವಣೆಯ ಕಡತ ನೋಡುವ ಗುಮಾಸ್ತರಿಗೆ ಅನುಮಾನದ ಆಧಾರವಿಲ್ಲದೆ ಪರೀಕ್ಷೆ ಬೇಡ. ಹಾಗೆಯೇ ಸ್ಥಳ ಪರಿಶೀಲನೆಗೆ ಬರುವ ಎಂಜಿನಿಯರ್ ಮೇಲೆ ಅನುಮಾನ ಬಂದರೆ ಚಾಲಕನಿಗೆ ಇರುವ ವಿಧಾನವೇ ಅವರಿಗೂ ಅನ್ವಯಿಸಲಿ.

ಮೂರು ಬಗೆಯ ನೌಕರರು, ಮೂರು ಬಗೆಯ ನ್ಯಾಯ

ನನ್ನನ್ನು ಹೆಚ್ಚು ಕಾಡುವ ವಿಷಯ ಇದು. ಮೇಲೆ ಹೇಳಿದ ನೋಟಿಸ್, ಭತ್ಯೆ, ಪಾಟಿ ಸವಾಲು ಎಲ್ಲವೂ ಕಾಯಂ ನೌಕರನಿಗೆ. ಬೆಳಗಿನ ಜಾವ ಮಂಡಿಪೇಟೆಯನ್ನು ಗುಡಿಸುವ ಪೌರಕಾರ್ಮಿಕರಲ್ಲಿ ಕಾಯಂ ಆದವರಿದ್ದಾರೆ, ಗುತ್ತಿಗೆದಾರನ ಮೂಲಕವಲ್ಲದೆ ಪಾಲಿಕೆಯಿಂದಲೇ ಸಂಬಳ ಪಡೆಯುವ ನೇರ ಪಾವತಿಯವರಿದ್ದಾರೆ. ವಾಹನ ಚಾಲಕರು, ಲೋಡರ್‌ಗಳು, ಒಳಚರಂಡಿ ಕಾರ್ಮಿಕರಲ್ಲಿ ಬಹಳಷ್ಟು ಮಂದಿ ಹೊರಗುತ್ತಿಗೆಯವರು. ಹೊರಗುತ್ತಿಗೆಯವನು ಕಾಗದದ ಮೇಲೆ ಪಾಲಿಕೆಯ ನೌಕರನೇ ಅಲ್ಲ. ಅವನ ಬಾಯಿಯಿಂದ ವಾಸನೆ ಬಂದಿತೆಂದು ಯಾರಾದರೂ ಹೇಳಿದರೆ ಗುತ್ತಿಗೆದಾರ «ನಾಳೆಯಿಂದ ಬರಬೇಡ» ಎನ್ನುತ್ತಾನೆ, ಅಷ್ಟೇ. ನೋಟಿಸ್ ಇಲ್ಲ, ಪರೀಕ್ಷೆ ಇಲ್ಲ, ನಾನು ಕುಡಿದಿರಲಿಲ್ಲ ಎಂದು ಹೇಳಿಕೊಳ್ಳಲು ಜಾಗವಿಲ್ಲ. ಸುಪ್ರೀಂ ಕೋರ್ಟಿನ 2006ರ ಉಮಾದೇವಿ ತೀರ್ಪು ನಿಯಮಬದ್ಧ ನೇಮಕವಿಲ್ಲದವರಿಗೆ ಕಾಯಂ ಆಗುವ ದಾರಿಯನ್ನು ಬಹಳ ಕಿರಿದಾಗಿಸಿತು. ಅದೂ ನಮ್ಮ ಕರ್ನಾಟಕ ಸರ್ಕಾರದ ಪ್ರಕರಣವೇ.

ಹೀಗೆ ಹೊರಹಾಕಿದ್ದರಿಂದ ಊರು ಸುರಕ್ಷಿತವಾಯಿತೇ? ನಿಜಕ್ಕೂ ಕುಡಿತಕ್ಕೆ ಅಂಟಿಕೊಂಡ ಚಾಲಕನಾದರೆ ಮುಂದಿನ ವಾರ ಹರಿಹರದಲ್ಲೋ ಜಗಳೂರಿನಲ್ಲೋ ಇನ್ನೊಬ್ಬರ ಲಾರಿ ಓಡಿಸುತ್ತಿರುತ್ತಾನೆ. ಅಪಾಯ ಬೇರೊಂದು ರಸ್ತೆಗೆ ವರ್ಗವಾಯಿತು, ಅಷ್ಟೇ. ಪಾಲಿಕೆ ತನ್ನ ಟೆಂಡರ್ ಷರತ್ತಿನಲ್ಲಿಯೇ ಇದನ್ನು ಸರಿಪಡಿಸಬಹುದು: ಅಮಲಿನ ಆರೋಪದ ಮೇಲೆ ಕಾರ್ಮಿಕನನ್ನು ತೆಗೆಯುವ ಮೊದಲು ವೈದ್ಯಕೀಯ ಪರೀಕ್ಷೆ, ಲಿಖಿತ ನೋಟಿಸ್, ಉತ್ತರಕ್ಕೆ ಅವಕಾಶ ಕಡ್ಡಾಯ ಎಂದು ಬರೆಯಬೇಕು. ಕಾಯಂ ಆಗದಿದ್ದರೂ ಅವನೂ ಊರಿನ ಕೆಲಸವನ್ನೇ ಮಾಡುತ್ತಿರುವವನು.

ಒಳಚರಂಡಿ ಕೆಲಸದವರ ಕುಡಿತದ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಕೊಳೆತ ನಾತದ ನಡುವೆ ನಿಂತು ಕೆಲಸ ಮಾಡಲು ಕುಡಿಯದೆ ಸಾಧ್ಯವಿಲ್ಲ ಎಂದು ಆ ಕಾರ್ಮಿಕರು ಊರೂರಿನಲ್ಲಿ ಹೇಳುತ್ತಾರೆ. 2013ರ ಮಲಹೊರುವ ಪದ್ಧತಿ ನಿಷೇಧ ಕಾಯ್ದೆ ರಕ್ಷಣಾ ಸಾಧನವಿಲ್ಲದೆ ಚರಂಡಿ ಗುಂಡಿಗೆ, ಮಲದ ಗುಂಡಿಗೆ ಮನುಷ್ಯರನ್ನು ಇಳಿಸುವುದನ್ನು ನಿಷೇಧಿಸಿದೆ. ಆ ಕಾಯ್ದೆಯನ್ನು ಪಾಲಿಸದ ಸಂಸ್ಥೆ ಅಲ್ಲಿ ಇಳಿದವನ ಕುಡಿತವನ್ನು ಮಾತ್ರ ದುರ್ನಡತೆ ಎಂದು ಕರೆದರೆ ಅದನ್ನು ನಾನು ನ್ಯಾಯ ಎಂದು ಒಪ್ಪಲಾರೆ.

ಚಿಕಿತ್ಸೆ ಎಂಬ ಬಾಗಿಲು

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯನ್ನು ಸಿಬ್ಬಂದಿ ವಿಭಾಗದವರು ಒಮ್ಮೆ ಓದಬೇಕು. ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಅದು ಮಾನಸಿಕ ಅನಾರೋಗ್ಯದ ವ್ಯಾಖ್ಯೆಯೊಳಗೆ ಸೇರಿಸಿದೆ. ಚಿಕಿತ್ಸೆಯ ಮಾಹಿತಿಯನ್ನು ಗೋಪ್ಯವಾಗಿಡಬೇಕೆಂದು 23ನೇ ಕಲಂ ಹೇಳುತ್ತದೆ. ಕುಡಿದು ವಾಹನ ಓಡಿಸಿದ್ದಕ್ಕೆ ಇದರಿಂದ ಕ್ಷಮೆ ಸಿಗುವುದಿಲ್ಲ. ಮಾಡಿದ ತಪ್ಪಿಗೆ ವಿಚಾರಣೆ ನಡೆಯಲೇಬೇಕು. ಆದರೆ ಇನ್ನೂ ತಪ್ಪು ಮಾಡದೆ, ತಾನಾಗಿಯೇ ಬಂದು ನನಗೆ ಬಿಡಿಸಿಕೊಳ್ಳಲು ಆಗುತ್ತಿಲ್ಲ ಎನ್ನುವ ನೌಕರನನ್ನು ಅಪರಾಧಿಯಂತೆ ನೋಡಬಾರದು. ಅವನಿಗೆ ವೈದ್ಯಕೀಯ ರಜೆ, ಮರಳಿ ಬಂದ ಮೇಲೆ ಕೆಲವು ತಿಂಗಳು ಸ್ಟಿಯರಿಂಗ್ ಹಿಡಿಯದ ಕೆಲಸ, ವೈದ್ಯರು ಯೋಗ್ಯ ಎಂದ ನಂತರ ಹಳೆಯ ಹುದ್ದೆ, ಇಷ್ಟನ್ನು ಲಿಖಿತವಾಗಿ ಭರವಸೆ ಕೊಡದಿದ್ದರೆ ಯಾವ ನೌಕರನೂ ಬಾಯಿ ಬಿಡುವುದಿಲ್ಲ. ಗಾಂಜಾದಂಥ ವಸ್ತುಗಳ ಸೇವನೆ 1985ರ ಮಾದಕ ವಸ್ತು ಕಾಯ್ದೆಯ 27ನೇ ಕಲಂ ಅಡಿ ಅಪರಾಧವಾದರೂ, ಸ್ವಯಂಪ್ರೇರಿತವಾಗಿ ಚಿಕಿತ್ಸೆಗೆ ಬರುವ ವ್ಯಸನಿಗೆ ಅದೇ ಕಾಯ್ದೆಯ 64-ಎ ಕಲಂ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಚಿಕಿತ್ಸೆಯನ್ನು ಪೂರ್ತಿ ಮಾಡದೆ ಬಿಟ್ಟರೆ ಆ ರಕ್ಷಣೆಯನ್ನು ಹಿಂಪಡೆಯಬಹುದು.

ಕುಡಿತವನ್ನು ಒಮ್ಮೆಲೇ ನಿಲ್ಲಿಸುವುದೂ ಅಪಾಯ. ವರ್ಷಗಟ್ಟಲೆ ದಿನವೂ ಕುಡಿದವರಿಗೆ ನಿಲ್ಲಿಸಿದ ಎರಡು ಮೂರು ದಿನಗಳಲ್ಲಿ ಫಿಟ್ಸ್, ಭ್ರಮೆ ಬರಬಹುದು. ಕೆಲವೊಮ್ಮೆ ಜೀವಕ್ಕೇ ಅಪಾಯ. «ನಾಳೆಯಿಂದ ಕುಡಿಯದೆ ಬಾ» ಎಂದು ಗದರಿಸಿ ಕಳುಹಿಸುವ ಮೇಲ್ವಿಚಾರಕರು ಇದನ್ನು ತಿಳಿದಿರಬೇಕು. ಆ ಮನುಷ್ಯನಿಗೆ ಮೊದಲು ಬೇಕಾದದ್ದು ಆಸ್ಪತ್ರೆ. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ. ಮನೆಯವರು ಕರೆ ಮಾಡಬಹುದಾದ ಸಂಖ್ಯೆಗಳಿವೆ: ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್‌ನ 14416, ವ್ಯಸನಮುಕ್ತಿಗೆ ರಾಷ್ಟ್ರೀಯ ಸಹಾಯವಾಣಿ 14446.

ಒಂದು ಹಾಳೆಯ ಸುತ್ತೋಲೆ ಸಾಕು

ಇಷ್ಟಕ್ಕೆಲ್ಲ ಹೊಸ ಕಾಯ್ದೆ ಬೇಕಿಲ್ಲ. ಆಯುಕ್ತರು ಅಥವಾ ಪೌರಾಯುಕ್ತರು ಹೊರಡಿಸುವ ಒಂದು ಸುತ್ತೋಲೆ ಬಹಳಷ್ಟನ್ನು ಮಾಡಬಲ್ಲದು. ಅನುಮಾನ ಬಂದಾಗ ನೌಕರನನ್ನು ವಾಹನದಿಂದ ಇಳಿಸುವ ಅಧಿಕಾರ ಯಾವ ದರ್ಜೆಯವರಿಗೆ, ಆಸ್ಪತ್ರೆಗೆ ಯಾವ ವಾಹನದಲ್ಲಿ ಯಾರು ಕರೆದೊಯ್ಯುತ್ತಾರೆ, ವೈದ್ಯಾಧಿಕಾರಿಗೆ ಕೊಡುವ ಕೋರಿಕೆ ಪತ್ರದ ನಮೂನೆ ಯಾವುದು, ರಕ್ತದ ಸಕ್ಕರೆಯನ್ನೂ ಪರೀಕ್ಷಿಸಬೇಕೆಂಬ ಸೂಚನೆ, ಸಾಕ್ಷಿಗಳ ಹೇಳಿಕೆಯನ್ನು ಅಂದೇ ಬರೆಸಿಕೊಳ್ಳುವ ಹೊಣೆ ಯಾರದು, ಅಮಾನತು ಮಾಡಿದರೆ ದೋಷಾರೋಪಣಾ ಪಟ್ಟಿ ಯಾವ ದಿನಾಂಕದೊಳಗೆ ಬರಬೇಕು. ಇವುಗಳನ್ನು ಕನ್ನಡದಲ್ಲಿ, ಚಾಲಕರಿಗೂ ಪೌರಕಾರ್ಮಿಕರಿಗೂ ಓದಿ ಹೇಳಿ, ವಾಹನ ನಿಲ್ಲುವ ಜಾಗದಲ್ಲಿಯೇ ಅಂಟಿಸಬೇಕು. ಪರೀಕ್ಷೆಯ ವರದಿ ಮುಚ್ಚಿದ ಲಕೋಟೆಯಲ್ಲಿ ಶಿಸ್ತು ಪ್ರಾಧಿಕಾರಕ್ಕೆ ಮಾತ್ರ ಹೋಗಬೇಕು. ಅದರ ಫೋಟೊ ವಾಟ್ಸ್‌ಆ್ಯಪ್‌ಗೆ ಹೋದರೆ ಅದೂ ದುರ್ನಡತೆ ಎಂದು ಅದೇ ಸುತ್ತೋಲೆಯಲ್ಲಿ ಬರೆದಿರಲಿ. ನೌಕರನಿಗೆ ಕೊಟ್ಟ ನೋಟಿಸ್, ದಂಡನೆಯ ವಿವರ ಸಾಮಾನ್ಯವಾಗಿ ವೈಯಕ್ತಿಕ ಮಾಹಿತಿ ಎಂದು 2012ರ ಗಿರೀಶ್ ದೇಶಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ವ್ಯಾಪಕ ಸಾರ್ವಜನಿಕ ಹಿತವಿದ್ದರೆ ಮಾತ್ರ ಮಾಹಿತಿ ಹಕ್ಕಿನಡಿ ದೊರೆಯುತ್ತದೆ. ಆದರೆ ಸುತ್ತೋಲೆ ಇದೆಯೇ, ವರ್ಷದಲ್ಲಿ ಎಷ್ಟು ಪ್ರಕರಣ ದಾಖಲಾದವು, ಎಷ್ಟು ವಿಚಾರಣೆ ಮುಗಿದವು ಎಂದು ಯಾವ ನಾಗರಿಕನಾದರೂ ಕೇಳಬಹುದು, ಅದರಲ್ಲಿ ಯಾರ ಹೆಸರೂ ಬೇಕಿಲ್ಲ.

ರಸ್ತೆಯಲ್ಲಿ ಅಂಥ ಚಾಲಕನನ್ನು ಕಂಡವರು ಮೊದಲು 112ಕ್ಕೆ ಕರೆ ಮಾಡಿ, ಆಮೇಲೆ ಚಿತ್ರೀಕರಿಸಿ. ಪೊಲೀಸರು ಬಂದರೆ ಉಸಿರಿನ ಪರೀಕ್ಷೆ ಆಗುತ್ತದೆ, ವಿಡಿಯೊದಿಂದ ಅದು ಆಗುವುದಿಲ್ಲ. ಪಾಲಿಕೆಗೆ ದೂರು ಬರೆಯುವಾಗ «ಕುಡಿದಿದ್ದ» ಎಂಬ ತೀರ್ಮಾನದ ಬದಲು ಕಂಡದ್ದನ್ನು ಬರೆಯಿರಿ: ವಾಹನದ ಸಂಖ್ಯೆ, ಸ್ಥಳ, ಗಂಟೆ ನಿಮಿಷ, ಆತ ಹೇಗೆ ನಡೆದ, ಏನು ಮಾತಾಡಿದ, ಬೇರೆ ಯಾರು ನೋಡಿದರು, ಪೊಲೀಸರಿಗೆ ಎಷ್ಟು ಹೊತ್ತಿಗೆ ತಿಳಿಸಿದಿರಿ. ಕೆಳಗೆ ನಿಮ್ಮ ಸಹಿ ಮತ್ತು ವಿಳಾಸ ಇರಲಿ, ಏಕೆಂದರೆ ವಿಚಾರಣಾಧಿಕಾರಿ ಸಾಕ್ಷಿಯಾಗಿ ಕರೆಯುವುದು ನಿಮ್ಮನ್ನೇ.